ಘಟ್ಟದ ಮೇಲೆ ಮನೆ ಹಿಡಿದು 42 ಮಂದಿಯ ಕುಟುಂಬ ಮೂರು ರಾತ್ರಿ ಕಳೆಯುವುದು ಹೇಗೆ?

ಪ್ರಶ್ನೆ: ಉಡುಪಿಯ ಮೊಮ್ಮಗ

ನಮಸ್ಕಾರ. ಬರುವ ಡಿಸೆಂಬರಿಗೆ ನಮ್ಮ ಅಜ್ಜಿಗೆ 86 ತುಂಬುತ್ತದೆ. ಅವರ ಮಕ್ಕಳು, ಅಳಿಯಂದಿರು, ಸೊಸೆಯಂದಿರು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರನ್ನೂ ಎಣಿಸಿದರೆ ನಾವು 42 ಮಂದಿಯಾಗುತ್ತೇವೆ. ಉಡುಪಿ ಮತ್ತು ಮಂಗಳೂರಿನಲ್ಲಿ ಉಳಿದವರು ಮೂರು ಮನೆಯವರು ಮಾತ್ರ. ಮಿಕ್ಕವರು ಬೆಂಗಳೂರು, ಮುಂಬಯಿ, ದುಬಾಯಿ ಎಂದು ಹಂಚಿಹೋಗಿದ್ದಾರೆ, ದೊಡ್ಡಮ್ಮನ ಹಿರಿಮಗನ ಸಂಸಾರ ಅಮೆರಿಕದಲ್ಲಿದೆ. ಇಷ್ಟೂ ಮಂದಿ ಒಂದೇ ಸೂರಿನ ಕೆಳಗೆ ಮಲಗಿದ್ದು 2011ರಲ್ಲಿ, ಚಿಕ್ಕಮ್ಮನ ಮಗಳ ಮದುವೆಯ ಹಿಂದಿನ ರಾತ್ರಿ. ಆಗ ಹುಟ್ಟಿರದ ಹನ್ನೊಂದು ಮಕ್ಕಳು ಈಗ ನಮ್ಮಲ್ಲಿದ್ದಾರೆ, ಅವರಲ್ಲಿ ಕೆಲವರು ಪರಸ್ಪರರನ್ನು ಮೊಬೈಲಿನ ಪರದೆಯ ಮೇಲಲ್ಲದೆ ನೋಡಿಲ್ಲ.

ವರ್ಷಕ್ಕೊಮ್ಮೆ ಕಾರ್ಕಳ ತಾಲೂಕಿನ ಕುಟುಂಬದ ಮನೆಯಲ್ಲಿ ತಂಬಿಲಕ್ಕೆ, ಅಂದರೆ ದೈವ, ನಾಗರಿಗೆ ಸಲ್ಲಿಸುವ ಪೂಜೆಗೆ, ಸೇರುವ ಕ್ರಮವೇನೋ ಇದೆ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಪ್ರಸಾದ ತೆಗೆದುಕೊಂಡು, ಊಟ ಮುಗಿಸಿ, ಮೂರು ಗಂಟೆಗೆ ಕಾರು ತಿರುಗಿಸುವವರೇ ಹೆಚ್ಚು. ಆ ಮನೆಯಲ್ಲಿ ರಾತ್ರಿ ಉಳಿಯುವ ಸ್ಥಿತಿಯೂ ಈಗ ಇಲ್ಲ. ಹಿಂಬದಿಯ ಮಾಡಿನ ಹಂಚು ಇಳಿಸಿ ಎರಡು ಮಳೆಗಾಲ ಕಳೆದಿದೆ, ಇರುವ ಕಕ್ಕಸು ಎರಡೇ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ನಮ್ಮದು ಅಳಿಯಸಂತಾನದ ಕುಟುಂಬ, ಅಂದರೆ ವಂಶ ತಾಯಿಯ ಕಡೆಯಿಂದ ಸಾಗುವಂಥದ್ದು. ತಂಬಿಲದ ವಂತಿಗೆಯ ಪಟ್ಟಿಯಲ್ಲಿ ಅಜ್ಜಿಯ ಹೆಣ್ಣುಮಕ್ಕಳ ಸಂತತಿಯ ಹೆಸರು ಮಾತ್ರ ಇರುತ್ತದೆ. ಮಾವಂದಿರ ಮಕ್ಕಳು ಅವರವರ ತಾಯಿಯ ಕುಟುಂಬಕ್ಕೆ ಸೇರಿದವರಾದ್ದರಿಂದ ನಮ್ಮಲ್ಲಿಗೆ ನೆಂಟರಂತೆ ಬಂದು ನೆಂಟರಂತೆ ಹೋಗುತ್ತಾರೆ. ಚಿಕ್ಕಂದಿನಲ್ಲಿ ಒಟ್ಟಿಗೆ ಗೇರುಬೀಜ ಸುಟ್ಟು ತಿಂದು ಬಾಯಿ ಸುಟ್ಟುಕೊಂಡ ಬಾವ, ಅತ್ತಿಗೆಯರು ಪಂಕ್ತಿಯಲ್ಲಿ ಕುಳಿತಾಗ ಸ್ವಲ್ಪ ಹೊರಗಿನವರಂತೆ ಕಾಣುವುದು ನನಗೆ ಒಗ್ಗುವುದಿಲ್ಲ. ಯಾರದೂ ಅಲ್ಲದ ಮನೆಯೊಂದರಲ್ಲಿ ನಾಲ್ಕು ಹಗಲು ಮೂರು ರಾತ್ರಿ ಎಲ್ಲರೂ ಸಮನಾಗಿ ಇರಬಹುದಲ್ಲವೇ ಎಂಬ ಯೋಚನೆ ಹೊಳೆದದ್ದು ಹೀಗೆ.

ಡಿಸೆಂಬರ್ ಕೊನೆಯ ವಾರವೆಂದು ಹೆಚ್ಚುಕಡಿಮೆ ನಿಶ್ಚಯವಾಗಿದೆ. ದುಬಾಯಿಯ ಮಕ್ಕಳ ದೊಡ್ಡ ರಜೆ ಜುಲೈ, ಆಗಸ್ಟಿನಲ್ಲಿ ಬರುತ್ತದೆ, ಆಗ ನಮ್ಮಲ್ಲಿ ಜಡಿಮಳೆ. ಇಲ್ಲಿನ ಮಕ್ಕಳಿಗೆ ಬಿಡುವಿರುವ ಮೇ ತಿಂಗಳಲ್ಲಿ ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಕ್ರಿಸ್ಮಸ್ ರಜೆಯೊಂದೇ ಎಲ್ಲರಿಗೂ ಹೊಂದುವುದು. ಧನುರ್ಮಾಸವಾದ್ದರಿಂದ ಮದುವೆ ಮುಂಜಿಗಳ ಕರೆಯೂ ಅಡ್ಡ ಬರುವುದಿಲ್ಲ.

ಈಗ ನಮ್ಮ ಮುಂದೆ ಮೂರು ಸಲಹೆಗಳಿವೆ: ಚಾರ್ಮಾಡಿ ಹತ್ತಿ ಮೂಡಿಗೆರೆಯ ಕಡೆ ಒಂದು ಎಸ್ಟೇಟ್ ಬಂಗಲೆ, ಮಾಳದ ಮೇಲಿನಿಂದ ಹೋಗಿ ಶೃಂಗೇರಿಯ ಹತ್ತಿರ ಒಂದು ತೋಟದ ಮನೆ, ಇಲ್ಲವೇ ಮಡಿಕೇರಿ. ಅಜ್ಜಿ ವಾಕರ್ ಹಿಡಿದು ನಡೆಯುತ್ತಾರೆ, ರಾತ್ರಿ ಮೂರು ಸಲವಾದರೂ ಏಳುತ್ತಾರೆ, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯಲ್ಲದೆ ಬೇರೇನೂ ಮುಟ್ಟುವುದಿಲ್ಲ. ಖರ್ಚಿನ ವಿಷಯದಲ್ಲಿ ಈಗಾಗಲೇ ಸಣ್ಣ ಕಾವು ಎದ್ದಿದೆ. ತಲೆಗಿಷ್ಟು ಎಂದು ಹಾಕೋಣವೆಂದು ಒಬ್ಬರು, ಮನೆಗಿಷ್ಟು ಎಂದು ಇನ್ನೊಬ್ಬರು. ದುಬಾಯಿಯ ಅಣ್ಣ ಪೂರ್ತಿ ಖರ್ಚನ್ನು ತಾನೇ ವಹಿಸುತ್ತೇನೆ ಎಂದಾಗ ದೊಡ್ಡ ಮಾವ, “ಒಬ್ಬನೇ ಕೊಟ್ಟರೆ ಅದು ಅವನ ಪಾರ್ಟಿಯಾಯಿತು, ನಾವು ಉಂಡು ಬರುವವರಾದೆವು” ಎಂದು ಫೋನ್ ಇಟ್ಟುಬಿಟ್ಟರು. ಇಂಥದ್ದನ್ನು ನಡೆಸಿ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಕುಡ್ಲದ ಹಿರಿಯ

2022ರಲ್ಲಿ ನಮ್ಮ ಮನೆತನದ 36 ಮಂದಿಯನ್ನು ಘಟ್ಟ ಹತ್ತಿಸಿ ಇಳಿಸಿದವನು ನಾನು. ಆ ಅನುಭವದ ಬಲದಿಂದ ಮೊದಲು ಹೇಳಬೇಕಾದದ್ದು ಇಷ್ಟು: ಮನೆಯನ್ನು ಫೋಟೋ ನೋಡಿ ಹಿಡಿಯಬೇಡಿ.

ನಾವು ಹಿಡಿದ ಮನೆಗೆ ಎಂಟು ಕೋಣೆಗಳೆಂದು ಹೇಳಿದ್ದರು, ಎಂಟೂ ಇದ್ದವು, ಸುಳ್ಳೇನಲ್ಲ. ಆದರೆ ಅವುಗಳಲ್ಲಿ ಮೂರು ತೋಟದ ಕೆಳಗಿನ ಹಳೆಯ ಸಾಲುಮನೆಯಲ್ಲಿದ್ದವು. ಅಲ್ಲಿಗೆ ಹೋಗಲು ಎಪ್ಪತ್ತಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ, ಎಲ್ಲದರ ಮೇಲೂ ಹಾವಸೆ. ಮೊದಲ ಸಂಜೆಯೇ ನನ್ನ ಸೋದರತ್ತೆ ಜಾರಿ ಮಣಿಕಟ್ಟು ಮುರಿದುಕೊಂಡರು. ಅವರನ್ನು ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದು, ಕಟ್ಟು ಹಾಕಿಸಿ ತರುವಾಗ ರಾತ್ರಿ ಹನ್ನೊಂದು. ಮರುದಿನ ಬೆಳಿಗ್ಗೆ ಎಂಟಕ್ಕೆ ಮಾಳಿಗೆಯ ಟ್ಯಾಂಕ್ ಖಾಲಿಯಾಯಿತು. ಕೇರ್‌ಟೇಕರ್ ಪಂಪು ಹಾಕಲು ಹೋದರೆ ಕರೆಂಟಿಲ್ಲ, ಜನರೇಟರಿನಲ್ಲಿ ದೀಪ ಉರಿಯುತ್ತದೆ, ಪಂಪು ತಿರುಗುವುದಿಲ್ಲ. ಇಪ್ಪತ್ತು ಮಂದಿ ಹೆಗಲಿಗೆ ಬೈರಾಸು ಹಾಕಿಕೊಂಡು ಅಂಗಳದಲ್ಲಿ ನಿಂತ ಆ ದೃಶ್ಯವನ್ನು ನನ್ನ ತಮ್ಮ ಇವತ್ತಿಗೂ ಮದುವೆ ಮನೆಗಳಲ್ಲಿ ಅಭಿನಯಿಸಿ ತೋರಿಸುತ್ತಾನೆ.

ಆದ್ದರಿಂದ ಮುಂಗಡ ಕೊಡುವ ಮೊದಲು ನಿಮ್ಮಲ್ಲಿ ಇಬ್ಬರು ಹೋಗಿ ಒಂದು ರಾತ್ರಿ ಆ ಮನೆಯಲ್ಲಿ ಮಲಗಿ ಬನ್ನಿ. ಅಜ್ಜಿಯ ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವೆ ಹೊಸ್ತಿಲು ಎಷ್ಟು ಎತ್ತರ, ವಾಕರ್ ಬಾಗಿಲಲ್ಲಿ ತೂರುತ್ತದೆಯೇ, ಕಮೋಡ್ ಇದೆಯೇ, ಅದರ ಪಕ್ಕ ಗೋಡೆಗೆ ಹಿಡಿಕೆ ಇದೆಯೇ ಎಂಬುದನ್ನು ಕತ್ತಲಲ್ಲಿ ಎದ್ದು ನಡೆದು ನೋಡಿ. ಹಗಲಿನಲ್ಲಿ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಏಳು ಮಂದಿಗೆ ಒಂದು ಕಕ್ಕಸಾದರೂ ಬೇಕು, ಅಂದರೆ ನಿಮಗೆ ಆರು. ಅದಕ್ಕಿಂತ ಕಡಿಮೆ ಇರುವ ಮನೆ ಎಷ್ಟೇ ಚಂದವಿರಲಿ ಬಿಟ್ಟುಬಿಡಿ. ನೋಂದಾಯಿತ ಹೋಂಸ್ಟೇ ಎಂದರೆ ಮನೆಯವರು ತಾವೂ ವಾಸವಿದ್ದು ಕೆಲವೇ ಕೋಣೆಗಳನ್ನು ಬಿಟ್ಟುಕೊಡುವಂಥದ್ದು, ಅಲ್ಲಿ 42 ಮಂದಿ ಹಿಡಿಸುವುದಿಲ್ಲ. ಒಂದೇ ಅಂಗಳವನ್ನು ಹಂಚಿಕೊಂಡ ಎರಡು ಮನೆಗಳು ಸಿಕ್ಕರೆ ಅದೇ ಉತ್ತಮ, ಏಕೆಂದರೆ ಹತ್ತು ಗಂಟೆಗೆ ಮಲಗುವವರಿಗೂ ಎರಡು ಗಂಟೆಯವರೆಗೆ ಇಸ್ಪೀಟು ಆಡುವವರಿಗೂ ಒಂದೇ ಗೋಡೆ ಇರಬಾರದು.

ದಾರಿಯ ಬಗ್ಗೆ ಹೇಳುವುದಾದರೆ, ಉಡುಪಿಯಿಂದ ಹತ್ತಿರವಾದ ಘಟ್ಟ ಆಗುಂಬೆ, ಸುಮಾರು 55 ಕಿಲೋಮೀಟರ್. ಆದರೆ ಸೋಮೇಶ್ವರ ದಾಟಿದ ಮೇಲಿನ ಆ ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸು ಹತ್ತುವುದಿಲ್ಲ, ಮಿನಿ ಬಸ್ಸುಗಳೇ ಓಡುವುದು. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ವಾಂತಿ ಮಾಡದೆ ಮೇಲೆ ತಲುಪಿದ್ದನ್ನು ನಾನು ಕಂಡಿಲ್ಲ. ಚಾರ್ಮಾಡಿ ನೋಡಲು ಅತಿ ಚೆಲುವು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಬಹಳ ಕಾಲ ಸಂಚಾರಕ್ಕೆ ತೊಂದರೆಯಾಗಿತ್ತು, ಡಿಸೆಂಬರಿನಲ್ಲಿ ಆ ಭಯವಿಲ್ಲ, ಮಂಜು ಮತ್ತು ಲಾರಿಗಳ ಸಾಲು ಮಾತ್ರ ಇರುತ್ತದೆ. ಮಡಿಕೇರಿ ಮಂಗಳೂರಿನಿಂದಲೇ ಸುಮಾರು 140 ಕಿಲೋಮೀಟರ್, ಉಡುಪಿಯವರಿಗೆ ಇನ್ನೂ 60 ಸೇರಿಸಿ. ಅಜ್ಜಿಗೆ ಅಷ್ಟು ಹೊತ್ತು ಕುಳಿತಿರುವುದು ಕಷ್ಟ. ನಿಮ್ಮ ಕುಟುಂಬದ ಮನೆ ಕಾರ್ಕಳದ ಬದಿಯಲ್ಲಿಯೇ ಇರುವಾಗ ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್, ಕೆರೆಕಟ್ಟೆ ದಾರಿಯಾಗಿ ಶೃಂಗೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಸರಿಯಾದ ಆಯ್ಕೆ. ಅಲ್ಲಿ ಏರು ಇದ್ದರೂ ತಿರುವುಗಳು ಆಗುಂಬೆಯಷ್ಟು ಕಡಿದಲ್ಲ. ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವುದರಿಂದ ಎಲ್ಲೆಂದರಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ, ಇದನ್ನು ಮಕ್ಕಳಿಗೂ ಮಾವಂದಿರಿಗೂ ಮೊದಲೇ ಹೇಳಿಡಿ. ಬೆಂಗಳೂರಿನವರು ಕೆಳಗಿಳಿದು ಮತ್ತೆ ಹತ್ತಬೇಕಾಗಿಲ್ಲ, ನೇರವಾಗಿ ಅಲ್ಲಿಗೇ ಬರಲಿ. ಮುಂಬಯಿಯವರಿಗೆ ಮತ್ಸ್ಯಗಂಧ ರೈಲಿನ ಟಿಕೇಟು 60 ದಿನ ಮೊದಲು ತೆರೆಯುತ್ತದೆ. ಕ್ರಿಸ್ಮಸ್ ವಾರದ್ದು ತೆರೆದ ದಿನವೇ ಮುಗಿಯುತ್ತದೆ, ಯಾರಾದರೂ ಒಬ್ಬರು ಬೆಳಿಗ್ಗೆ ಎಂಟಕ್ಕೆ ಅದಕ್ಕೆಂದೇ ಕುಳಿತಿರಬೇಕು.

ಹಣದ ಮಾತು. ನಾವು ಮಾಡಿದ್ದು ಹೀಗೆ: ಮನೆಯ ಬಾಡಿಗೆಯನ್ನು ಕೋಣೆಯ ಲೆಕ್ಕದಲ್ಲಿ ಸಂಸಾರಕ್ಕಿಷ್ಟು ಎಂದು ಹಂಚಿದೆವು, ಊಟದ ಖರ್ಚನ್ನು ಐದು ವರ್ಷ ದಾಟಿದವರ ತಲೆಯ ಲೆಕ್ಕದಲ್ಲಿ ಹಾಕಿದೆವು, 75 ದಾಟಿದ ಹಿರಿಯರಿಂದಲೂ ಓದುತ್ತಿರುವ ಮಕ್ಕಳಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಒಂದು ಸಂಸಾರಕ್ಕೆ ಆ ವರ್ಷ ಕೈ ಕಟ್ಟಿತ್ತು. ಅದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು, ಅವರ ಪಾಲನ್ನು ನಾವು ಸದ್ದಿಲ್ಲದೆ ತುಂಬಿದೆವು. ಲೆಕ್ಕ ಬರೆಯುವವನ ಬಳಿ ಇಂಥ ಒಂದು ಪುಟ ಇರಲೇಬೇಕು, ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬಾರದು. ನಿಮ್ಮ ದೊಡ್ಡ ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ದುಬಾಯಿಯವರ ಉತ್ಸಾಹವನ್ನೂ ತಣ್ಣಗೆ ಮಾಡಬೇಡಿ, ಅವರಿಗೆ ಹೆಸರಿಟ್ಟು ಒಂದು ಕೆಲಸ ಒಪ್ಪಿಸಿ: ಬಸ್ಸು ಅವರದು, ಅಥವಾ ಅಡುಗೆಯವರ ಸಂಬಳ ಅವರದು ಎಂದು.

ಉತ್ತರ: ಕಾರ್ಕಳದ ಸೊಸೆ

ಮೇಲಿನ ಹಿರಿಯರು ಬರೆದದ್ದೆಲ್ಲ ಸರಿ. ಆದರೆ ಇಷ್ಟುದ್ದದ ಪ್ರಶ್ನೆಯಲ್ಲಾಗಲಿ ಉತ್ತರದಲ್ಲಾಗಲಿ 42 ಮಂದಿಗೆ ಅಡುಗೆ ಯಾರು ಮಾಡುತ್ತಾರೆ ಎಂಬ ಮಾತು ಬಂದೇ ಇಲ್ಲವೆಂಬುದನ್ನು ಗಮನಿಸಿದೆ. “ಎಲ್ಲರೂ ಸೇರಿ ಮಾಡೋಣ, ಅದೇ ಮಜಾ” ಎಂದು ಗಂಡಸರು ಹೇಳುತ್ತಾರೆ. ಮೊದಲ ದಿನ ಈರುಳ್ಳಿ ಸುಲಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡನೆಯ ದಿನದಿಂದ ಸೊಸೆಯಂದಿರು ಒಲೆಯ ಮುಂದೆ ನಿಂತಿರುತ್ತಾರೆ. ಹಾಗೆ ನಿಂತೇ ಒಂದು ಇಡೀ ಪ್ರವಾಸವನ್ನು ಕಳೆದವಳು ನಾನು. ಅಲ್ಲಿ ಜಲಪಾತವೊಂದು ಇತ್ತಂತೆ.

ಊರಿನಿಂದಲೇ ಅಡುಗೆಯವರನ್ನು ಕರೆದುಕೊಂಡು ಹೋಗಿ, ಒಬ್ಬರು ಮುಖ್ಯ, ಇಬ್ಬರು ಕೈಗೆ. ಅಲ್ಲಿನ ಮನೆಯವರು ಊಟ ಕೊಡುತ್ತೇವೆ ಎನ್ನುತ್ತಾರೆ, ರುಚಿಯಾಗಿಯೂ ಇರುತ್ತದೆ. ಕಡುಬು, ಅಕ್ಕಿರೊಟ್ಟಿ, ಅವರ ಕಡೆಯ ಕೋಳಿ ಸಾರು ಒಂದು ಹೊತ್ತಿಗೆ ಖಂಡಿತ ಬೇಕು. ಆದರೆ ಮೂರು ದಿನ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಉಂಡರೆ ನಮ್ಮ ಹಿರಿಯರು ಹೊಟ್ಟೆ ಸರಿಯಿಲ್ಲವೆಂದು ಮುಖ ಸಣ್ಣಗೆ ಮಾಡುತ್ತಾರೆ. ಕುಚ್ಚಲಕ್ಕಿಯನ್ನು ಇಲ್ಲಿಂದಲೇ ಒಯ್ಯಿರಿ. ಒಂದು ಕಿಲೋ ಅಕ್ಕಿಯ ಅನ್ನ ಏಳೆಂಟು ಮಂದಿಗೆ ಒಂದು ಹೊತ್ತಿಗೆ ಸಾಕಾಗುತ್ತದೆ, ಹಾಗಾಗಿ ದಿನಕ್ಕೆ ಎರಡು ಊಟ, ಬೆಳಗಿನ ಗಂಜಿ ಸೇರಿ ಹನ್ನೆರಡು ಹದಿಮೂರು ಕಿಲೋ ಬೇಕಾದೀತು. ಒಂದು ಹೊತ್ತಿನ ಕೋರಿ ಗಸಿಗೆ ಹತ್ತು ಹನ್ನೆರಡು ಕಿಲೋ ಕೋಳಿ, ಹತ್ತು ತೆಂಗಿನಕಾಯಿ. ಮಸಾಲೆಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಸಿ. ಕಾಯಿ ಅರೆಯಲು ದೊಡ್ಡ ಗ್ರೈಂಡರ್ ಅಲ್ಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ನಿಮ್ಮದನ್ನೇ ಬಸ್ಸಿನ ಡಿಕ್ಕಿಗೆ ಹಾಕಿ. ಮಿಕ್ಸಿಯಲ್ಲಿ ಹತ್ತು ಕಾಯಿ ಅರೆಯುವುದು ಆಗುವ ಹೋಗುವ ಮಾತಲ್ಲ. ಮೀನು ಬೇಕೇ ಬೇಕು ಎನ್ನುವವರಿಗೆ ಬಂಗುಡೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೊದಲ ದಿನಕ್ಕೆ ಮಾತ್ರ ಒಯ್ಯಬಹುದು, ಹೊರಡುವ ದಿನ ಬೆಳಿಗ್ಗೆ ಮಲ್ಪೆಯಲ್ಲೇ ಕೊಂಡರೆ ಸರಿ. ಕೊನೆಯ ಊಟಕ್ಕೆ ರೊಟ್ಟಿ ಕಟ್ಟುಗಳನ್ನು ಇಟ್ಟುಕೊಳ್ಳಿ. ಗಸಿ ಒಂದು ಇದ್ದರೆ ಕೋರಿ ರೊಟ್ಟಿಗೆ ಬೇರೆ ಅಡುಗೆ ಬೇಡ, ಪಾತ್ರೆ ತೊಳೆದು ಹೊರಡುವುದು ಬೇಗ ಆಗುತ್ತದೆ.

ಕೋಣೆ ಹಂಚುವಾಗ ಒಂದು ಕಿವಿಮಾತು. ಸಂಸಾರಕ್ಕೊಂದು ಕೋಣೆ ಎಂದು ಕೊಟ್ಟರೆ ಎಲ್ಲರೂ ಬಾಗಿಲು ಹಾಕಿಕೊಂಡು ಹೋಟೆಲಿನಲ್ಲಿ ಇದ್ದ ಹಾಗೆಯೇ ಇರುತ್ತಾರೆ. ಹತ್ತು ದಾಟಿದ ಮಕ್ಕಳನ್ನೆಲ್ಲ ದೊಡ್ಡ ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಕಿ ಮಲಗಿಸಿ. ಅಜ್ಜಿಯ ಕೋಣೆಯಲ್ಲಿ ಪ್ರತಿ ರಾತ್ರಿ ಬೇರೆ ಬೇರೆ ಮೊಮ್ಮಗಳು ಮಲಗಲಿ. ನಿಮ್ಮ ಅಮ್ಮನಿಗೋ ದೊಡ್ಡಮ್ಮನಿಗೋ ಮೂರೂ ರಾತ್ರಿ ಆ ಪಾಳಿ ಬೀಳದಿರಲಿ.

ಇನ್ನೊಂದು ಪ್ರಶ್ನೆ ನಿಮಗೆ. ಅಜ್ಜಿಯನ್ನು ಯಾರಾದರೂ ಕೇಳಿದ್ದೀರಾ?

ಪ್ರತಿಕ್ರಿಯೆ: ಉಡುಪಿಯ ಮೊಮ್ಮಗ

ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಕೊನೆಯ ಪ್ರಶ್ನೆ ಓದಿ ನಾಚಿಕೆಯಾಯಿತು. ಅವರಿಗೆ ಕೊನೆಯಲ್ಲಿ ಹೇಳಿ ಆಶ್ಚರ್ಯಪಡಿಸೋಣವೆಂದು ಮಾಡಿಕೊಂಡಿದ್ದೆವು. ಈ ಆದಿತ್ಯವಾರ ಹೋಗಿ ಕೇಳುತ್ತೇನೆ.

ಉತ್ತರ: ಕಳಸದ ತೋಟದವ

ನಾನು ಮನೆ ಬಾಡಿಗೆಗೆ ಕೊಡುವ ಕಡೆಯವನು, ಆದ್ದರಿಂದ ಆ ಬದಿಯಿಂದ ಕೆಲವು ಮಾತು. ಕೆಳಗಿನಿಂದ ಬರುವ ದೊಡ್ಡ ಕುಟುಂಬಗಳು ನಮಗೆ ಇಷ್ಟ, ಅವರಿಗೆ ತೋಟವೆಂದರೆ ಏನೆಂದು ಗೊತ್ತಿರುತ್ತದೆ, ಅಡಿಕೆ ಸಿಪ್ಪೆಯ ಮೇಲೆ ಕಾಲಿಟ್ಟು ಕಿರುಚುವುದಿಲ್ಲ. ಆದರೆ ಡಿಸೆಂಬರ್ ಕೊನೆಯ ವಾರ ನಮ್ಮ ಪಾಲಿಗೆ ವರ್ಷದಲ್ಲೇ ಹೆಚ್ಚು ಬಾಡಿಗೆಯ ವಾರವೂ ಹೌದು, ಅರೇಬಿಕಾ ಕೊಯ್ಲಿನ ವಾರವೂ ಹೌದು. ಕಣದ ತುಂಬ ಕಾಫಿ ಹರಡಿರುತ್ತದೆ, ಆಳುಗಳು ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿರುತ್ತಾರೆ, ನಿಮಗೆ ಜೀಪು ಬೇಕು, ಗೈಡ್ ಬೇಕು ಎಂದರೆ ಜನ ಸಿಗುವುದಿಲ್ಲ. ಮಕ್ಕಳಿಗೆ ಕ್ರಿಕೆಟ್ ಆಡಲು ಕಣ ಸಿಗುತ್ತದೆಂದು ಮಾತ್ರ ನಂಬಿಕೊಂಡು ಬರಬೇಡಿ. ಕ್ರಿಸ್ಮಸ್ ಕಳೆದ ಮೇಲಿನ ಎರಡು ಮೂರು ದಿನ, ಹೊಸ ವರ್ಷದ ಗಲಾಟೆಗೆ ಮುಂಚೆ, ನಡುವಿನ ವಾರದ ದಿನಗಳನ್ನು ಹಿಡಿದರೆ ದರ ಸ್ವಲ್ಪ ಇಳಿಯಬಹುದು, ಕೇಳುವುದರಲ್ಲಿ ನಷ್ಟವಿಲ್ಲ.

ಚಳಿಯ ಬಗ್ಗೆ ಕರಾವಳಿಯವರಿಗೆ ಅಂದಾಜು ಇರುವುದಿಲ್ಲ. ಬೆಳಗಿನ ಜಾವ ನಮ್ಮಲ್ಲಿ 13, 14 ಡಿಗ್ರಿಗೆ ಇಳಿಯುವುದುಂಟು. ಹಳೆಯ ಮನೆಗಳ ನೆಲ ರೆಡ್ ಆಕ್ಸೈಡಿನದು, ಕಾಲಿಟ್ಟರೆ ಕೊರೆಯುತ್ತದೆ. ಅಜ್ಜಿಗೆ ಉಣ್ಣೆಯ ಕಾಲುಚೀಲವನ್ನೂ ಅದು ಜಾರದಂತೆ ಮೇಲೆ ಹಾಕಲು ರಬ್ಬರಿನ ಚಪ್ಪಲಿಯನ್ನೂ ತನ್ನಿ. ಗೀಸರನ್ನು ನಂಬುವುದಕ್ಕಿಂತ ಹಂಡೆ ಒಲೆ ಇರುವ ಬಚ್ಚಲು ಇದೆಯೇ ಎಂದು ವಿಚಾರಿಸಿ. ಒಂದು ಹಂಡೆ ಕಾದರೆ ಕರೆಂಟು ಇರಲಿ ಬಿಡಲಿ ಹತ್ತು ಮಂದಿಯ ಸ್ನಾನ ನಡೆಯುತ್ತದೆ.

ಕಾರ್ಕಳದ ಅಕ್ಕ ಹೇಳಿದ ಕುಚ್ಚಲಕ್ಕಿಗೆ ಒಂದು ಸೇರ್ಪಡೆ. ಎತ್ತರ ಏರಿದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯತೊಡಗುತ್ತದೆ. ನಮ್ಮ ಮನೆ ಸುಮಾರು 900 ಮೀಟರಿನಲ್ಲಿದೆ, ಇಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಬೆಳ್ತಿಗೆಗೆ ಅದು ಲೆಕ್ಕಕ್ಕೆ ಬಾರದು, ಆದರೆ ತೆರೆದ ಪಾತ್ರೆಯಲ್ಲಿ ಬೇಯುವ ನಿಮ್ಮ ದಪ್ಪ ಅಕ್ಕಿ ಊರಿನಲ್ಲಿ ಬೇಯುವ ಹೊತ್ತಿಗೆ ಇಲ್ಲಿ ಬೇಯುವುದಿಲ್ಲ. ಒಮ್ಮೆ ಮೂಡುಬಿದಿರೆಯಿಂದ ಬಂದ ಅಡುಗೆಯವರು ಗಡಿಯಾರ ನೋಡಿ ಗಂಜಿ ಬಸಿದು, ಮೂವತ್ತು ಮಂದಿಗೆ ಕಲ್ಲಿನಂಥ ಅನ್ನ ಬಡಿಸಿ, ಅಕ್ಕಿಯನ್ನು ಬೈದರು. ರಾತ್ರಿಯೇ ಬಿಸಿನೀರಿನಲ್ಲಿ ನೆನೆಸಿಡಿ, ಸರಿಹೋಗುತ್ತದೆ.

ಅಮೆರಿಕದ ಅಣ್ಣನ ಮಕ್ಕಳ ಪಾಸ್‌ಪೋರ್ಟ್ ಅಲ್ಲಿನದಾಗಿದ್ದರೆ ಅದನ್ನು ಮೊದಲೇ ತಿಳಿಸಿ. ವಿದೇಶಿ ಪ್ರಜೆಗಳು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸುವ ಹೊಣೆ ಮನೆ ಕೊಟ್ಟವನ ಮೇಲಿರುತ್ತದೆ. ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಕುಳಿತು ಅದನ್ನು ಮಾಡುವುದು ನಮಗೆ ಒಂದು ದಿನದ ಕೆಲಸ. ನೆಟ್‌ವರ್ಕ್ ಎಂದಾಗ ನೆನಪಾಯಿತು, ಬಿಎಸ್‌ಎನ್‌ಎಲ್ ಸಿಮ್ ಇರುವ ಒಂದು ಫೋನಾದರೂ ಗುಂಪಿನಲ್ಲಿರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲವೆಂಬುದು ದೇಶದ ಕಾನೂನು. ಅದಕ್ಕಿಂತ ಮೊದಲು ಪಕ್ಕದ ತೋಟದವರ ನಾಯಿಗಳೇ ನಿಮಗೆ ತಿಳಿಸುತ್ತವೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಇಂಬಳದ (ಜಿಗಣೆಯ) ಕಾಟ ಮಳೆಗಾಲಕ್ಕೆ ಮುಗಿಯುತ್ತದೆ, ಆದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನಲ್ಲಿ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣಿಯ, ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಸೀಮೆಯಲ್ಲಿ ಅದು ಆಗಾಗ ಕಾಣಿಸಿಕೊಂಡಿದೆ. ಹೆದರಿ ಮನೆಯಲ್ಲೇ ಕೂರಬೇಕೆಂದಲ್ಲ. ಮಕ್ಕಳು ಕಾಡಿನ ತರಗೆಲೆಯ ಮೇಲೆ ಕೂರದಿರಲಿ, ಹೊರಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಲಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳಲ್ಲಿ ನೋಡಿ. ಸತ್ತ ಮಂಗ ಕಂಡ ಕಡೆ ಯಾರೂ ಸುಳಿಯಬಾರದು, ಕೂಡಲೇ ಮನೆಯವರಿಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ ಬಂದರೆ, ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಉತ್ತರ: ಬಂಟ್ವಾಳದವ

ನನ್ನದು ಬೇರೆ ಅಭಿಪ್ರಾಯ, ಬೇಸರಿಸಬೇಡಿ. 42 ಮಂದಿಯ ಮೂರು ರಾತ್ರಿಯ ಬಾಡಿಗೆ, ಬಸ್ಸು, ಅಡುಗೆ ಎಲ್ಲ ಸೇರಿಸಿ ಲೆಕ್ಕ ಹಾಕಿ ನೋಡಿ. ಆ ಹಣದಲ್ಲಿ ನಿಮ್ಮ ಕುಟುಂಬದ ಮನೆಯ ಹಿಂದಿನ ಮಾಡಿಗೆ ಪಕ್ಕಾಸು, ರೀಪು ಎಂಬ ಮರಗಳನ್ನು ಬದಲಿಸಿ ಹಂಚು ಹೊದೆಸಿ, ಎರಡು ಕಕ್ಕಸು ಕಟ್ಟಿಸಿ ಇನ್ನೂ ಸ್ವಲ್ಪ ಮಿಕ್ಕೀತು. ಹಂಚು ಇಳಿಸಿದ ಮನೆಯ ಮಣ್ಣಿನ ಗೋಡೆ ಮೂರನೆಯ ಮಳೆಗಾಲವನ್ನು ತಡೆಯುವುದಿಲ್ಲ. ಮಾವಂದಿರ ಮಕ್ಕಳಿಗೆ ಹೊರಗಿನವರೆಂಬ ಭಾವನೆ ಬರುವುದು ನಿಜ, ಆದರೆ ಅದು ಆ ಚಾವಡಿಯಲ್ಲಿ ಹುಟ್ಟಿದ್ದು, ಘಟ್ಟದ ಮೇಲಿನ ಬಾಡಿಗೆ ಚಾವಡಿಯಲ್ಲಿ ಕಳೆಯುವುದು ಹೇಗೆ? ವಂತಿಗೆ ತೆಗೆದುಕೊಳ್ಳುವುದು ಕಟ್ಟಿಗೆ ವಿರುದ್ಧವಾದರೆ ಬೇಡ, ರಾತ್ರಿ ಉಳಿಯಿರಿ ಎಂದು ಹೇಳುವುದಕ್ಕೆ ಯಾವ ಕಟ್ಟೂ ಅಡ್ಡಿ ಬರುವುದಿಲ್ಲ.

ಪ್ರತಿಕ್ರಿಯೆ: ಕಾರ್ಕಳದ ಸೊಸೆ

ಬಂಟ್ವಾಳದವರ ಮಾತಿನಲ್ಲಿ ಹುರುಳಿದೆ, ಆದರೆ ಡಿಸೆಂಬರಿನೊಳಗೆ ಬಡಗಿ, ಗಾರೆಯವರು ಸಿಕ್ಕಿ ಅಷ್ಟು ಕೆಲಸ ಮುಗಿಯುತ್ತದೆಂದು ನಾನು ನಂಬಲಾರೆ. ಅಲ್ಲದೆ ಕುಟುಂಬದ ಮನೆಯಲ್ಲಿ ಸೇರಿದರೆ ಅಲ್ಲಿ ಯಜಮಾನರಿರುತ್ತಾರೆ, ಕ್ರಮವಿರುತ್ತದೆ, ಸೊಸೆಯಂದಿರು ಮತ್ತೆ ಅಡುಗೆಮನೆಯಲ್ಲೇ ಇರುತ್ತಾರೆ.

ಪ್ರತಿಕ್ರಿಯೆ: ಉಡುಪಿಯ ಮೊಮ್ಮಗ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆದಿತ್ಯವಾರ ಅಜ್ಜಿಯ ಬಳಿಗೆ ಹೋಗಿದ್ದೆ. ಜಗಲಿಯಲ್ಲಿ ಕುಳಿತು ಎಲೆಯ ತೊಟ್ಟು ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು, ಎರಡು ಸಲ ಜೋರಾಗಿ ಹೇಳಬೇಕಾಯಿತು. ಘಟ್ಟದ ಮೇಲೆ ತಾನು ಹೋದದ್ದು ಒಮ್ಮೆಯೇ, ಶೃಂಗೇರಿಗೆ, ನನ್ನ ಅಮ್ಮ ಹೊಟ್ಟೆಯಲ್ಲಿದ್ದಾಗ, ದಾರಿಯುದ್ದಕ್ಕೂ ಕಾರಿಕೊಂಡದ್ದು ಬಿಟ್ಟು ಬೇರೇನೂ ನೆನಪಿಲ್ಲ ಎಂದರು. ಆಮೇಲೆ ಅವರು ಕೇಳಿದ್ದು ಮೂರೇ: ಮಂಚ ಎತ್ತರದ್ದೇ, ಕುಚ್ಚಲಕ್ಕಿ ಉಂಟೇ, ಜಲಪಾತ ನೋಡಲು ತನ್ನನ್ನು ನಡೆಸುತ್ತಾರೆಯೇ. ನಡೆಸುವುದಿಲ್ಲ ಎಂದೆ. “ಹಾಗಾದರೆ ಬರುತ್ತೇನೆ. ಹೊರಡುವ ಮೊದಲು ಎಲ್ಲರೂ ಇಲ್ಲಿಗೆ ಬಂದು ದೀಪ ಹಚ್ಚಿ, ಬಾವಂದಿರೂ ಬರಲಿ, ನಾನು ಹೇಳಿದೆನೆಂದು ಹೇಳು” ಎಂದರು.

ಮರುದಿನ ನಾನೂ ಚಿಕ್ಕಮ್ಮನ ಮಗನೂ ಹೋಗಿ ಶೃಂಗೇರಿಯ ಹತ್ತಿರದ ಮನೆಯಲ್ಲಿ ಒಂದು ರಾತ್ರಿ ಮಲಗಿ ಬಂದೆವು. ಎರಡು ಮನೆ, ನಡುವೆ ಒಂದೇ ಅಂಗಳ, ಒಟ್ಟು ಏಳು ಕಕ್ಕಸು. ಕೆಳಗಿನ ಕೋಣೆಯ ಹಾಸಿಗೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಹೊಸ್ತಿಲು ಒಂದೇ, ಅದೂ ಎರಡು ಬೆರಳು ಎತ್ತರದ್ದು. ಮಂಚ ಮಾತ್ರ ತೀರ ತಗ್ಗಿನದು. ಕಾಲುಗಳ ಕೆಳಗೆ ಮರದ ತುಂಡು ಇಟ್ಟು ಎತ್ತರಿಸಿಕೊಡುತ್ತೇನೆಂದು ಮನೆಯವರು ಒಪ್ಪಿದ್ದಾರೆ, ಗೋಡೆಗೆ ಹಿಡಿಕೆಯನ್ನು ನಾವೇ ಒಯ್ದು ಹಾಕಿಸಬೇಕು. ಬಚ್ಚಲಿನಲ್ಲಿ ಹಂಡೆ ಇದೆ. ಡಿಸೆಂಬರ್ 26ರಿಂದ ಮೂರು ರಾತ್ರಿಗೆ ಮುಂಗಡ ಕೊಟ್ಟಾಗಿದೆ. ಬಾಡಿಗೆಯನ್ನು ಕುಡ್ಲದ ಹಿರಿಯರು ಹೇಳಿದ ಕ್ರಮದಲ್ಲೇ ಹಂಚುತ್ತಿದ್ದೇವೆ, ಆ ಬೇರೆ ಪುಟ ನನ್ನ ಬಳಿಯೇ ಇರುತ್ತದೆ.

ಬಂಟ್ವಾಳದವರ ಉತ್ತರವನ್ನು ನಾನು ಹಾಗೆಯೇ ದುಬಾಯಿಯ ಅಣ್ಣನಿಗೂ ದೊಡ್ಡ ಮಾವನಿಗೂ ಕಳುಹಿಸಿದೆ. ಅಣ್ಣ ಹಂಚಿನ ಖರ್ಚು ಎಷ್ಟೆಂದು ಕೇಳಿದ್ದಾನೆ. ಮಾವ ಇನ್ನೂ ಏನನ್ನೂ ಬರೆದಿಲ್ಲ, ಆದರೆ ನಿನ್ನೆ ಬಡಗಿಯನ್ನು ಕರೆದುಕೊಂಡು ಹೋಗಿ ಪಕ್ಕಾಸು ಅಳೆಸಿದರೆಂದು ಅಮ್ಮ ಹೇಳಿದರು.